ಸಮುದ್ರದಲ್ಲಿ ಎಣ್ಣೆ ಸಿಕ್ಕಿದೆಯಂತೆ, ಶೇರು ತಗೊಳ್ಳಬಹುದಾ?

ಪ್ರಶ್ನೆ (ಸಿದ್ದಾಪುರದ ಬೆಳೆಗಾರರು): ಸಾರ್, ಮಗ ಮುಂಬೈಯಲ್ಲಿದ್ದಾನೆ. ಪೂರ್ವ ಕರಾವಳಿಯ ಆಳ ಸಮುದ್ರದಲ್ಲಿ ಒಂದು ಸಣ್ಣ ಕಂಪನಿಗೆ ಎಣ್ಣೆ, ಗ್ಯಾಸ್ ಎರಡೂ ಸಿಕ್ಕಿದೆಯಂತೆ. 10 ಕೋಟಿ ಬ್ಯಾರಲ್ ಇದೆ, ಇನ್ನೂ ತೆಗೆಯಲು ಶುರು ಮಾಡಿಲ್ಲ, ಈಗ ಶೇರು ಅಗ್ಗ ಅಂತಾನೆ. ಈ ಸಲದ ಕಾಫಿ ದುಡ್ಡು ಕೈಯಲ್ಲಿದೆ. ಬ್ಯಾರಲ್‌ಗೆ 70 ಡಾಲರ್ ಹಿಡಿದರೂ 700 ಕೋಟಿ ಡಾಲರ್ ಆಗುತ್ತದೆ ಅಲ್ವಾ?

ಉತ್ತರ (ಮಡಿಕೇರಿ, ನಿವೃತ್ತ ರಿಸರ್ವಾಯರ್ ಎಂಜಿನಿಯರ್, ಅಂದರೆ ನೆಲದಡಿಯ ಎಣ್ಣೆ ನಿಕ್ಷೇಪದ ಲೆಕ್ಕ ಹಾಕುವವರು): ದುಡ್ಡು ಹಾಕುವ ಮೊದಲು ಕೇಳಿದಿರಿ, ಒಳ್ಳೆಯದಾಯ್ತು. ಆ 10 ಕೋಟಿ ಕಲ್ಲಿನೊಳಗೆ ಇರುವ ಲೆಕ್ಕವೋ, ಮೇಲೆ ತರಬಹುದಾದ ಲೆಕ್ಕವೋ? ಇದ್ದದ್ದರಲ್ಲಿ ಮೂರನೇ ಒಂದು ಪಾಲು ಬಂದರೆ ಚೆನ್ನಾಗಿ ಬಂತು ಅನ್ನುತ್ತೇವೆ. ಎಣ್ಣೆ ಕೆರೆಯ ಹಾಗೆ ನಿಂತಿರುವುದಿಲ್ಲ. ಬಾವಿಯಿಂದ ತೆಗೆದ ಕಲ್ಲಿನ ತುಂಡು, ಕೋರ್ ಅನ್ನುತ್ತೇವೆ, ನೋಡಲು ಸಾಧಾರಣ ಮರಳುಗಲ್ಲು. ಮೂಗಿನ ಹತ್ತಿರ ತಂದರೆ ಮಾತ್ರ ಡೀಸೆಲ್ ವಾಸನೆ. ಆ ಮರಳಿನ ಸಂದಿಯಿಂದ ಎಣ್ಣೆ ಹರಿದು ಬರಬೇಕು.

ಇನ್ನೊಂದು ವಿಷಯ. ಡಿಸೆಂಬರ್ ಬೆಳಿಗ್ಗೆ ನಮ್ಮಲ್ಲಿ ತೆಂಗಿನೆಣ್ಣೆ ಬಾಟಲಿ ತಲೆಕೆಳಗು ಮಾಡಿದರೂ ಒಂದು ಹನಿ ಬೀಳುವುದಿಲ್ಲ ಅಲ್ವಾ? ಆಳ ಸಮುದ್ರದ ತಳದಲ್ಲಿ ನೀರು ಅದಕ್ಕಿಂತ ತಣ್ಣಗೆ, 4-5 ಡಿಗ್ರಿ. ಮೇಣ ಜಾಸ್ತಿ ಇರುವ ಎಣ್ಣೆ ಪೈಪಿನಲ್ಲೇ ಗಟ್ಟಿಯಾಗುತ್ತದೆ. ಗ್ಯಾಸ್ ಜೊತೆ ನೀರು ಸೇರಿದರೆ ಮಂಜುಗಡ್ಡೆಯಂಥ ಹೈಡ್ರೇಟ್ ಕಟ್ಟಿಕೊಳ್ಳುತ್ತದೆ. ಶಾಖ ಹಿಡಿಯುವ ಪೈಪು, ಕೆಮಿಕಲ್ಲು, ಪಂಪು ಎಲ್ಲಕ್ಕೂ ಖರ್ಚು.

ಮುಂಬೈ ಕಡಲಿನ ಎಣ್ಣೆ ಫೀಲ್ಡ್ ಬಾಂಬೆ ಹೈನಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿತು, 1976ರಲ್ಲಿ ಉತ್ಪಾದನೆ ಶುರು. ಅಲ್ಲಿ ನೀರಿನ ಆಳ ಕಡಿಮೆ, ಫೀಲ್ಡ್ ದೊಡ್ಡದು. ಪೂರ್ವ ಕರಾವಳಿಯ ಆಳ ಸಮುದ್ರದಲ್ಲಿರುವ ಕೃಷ್ಣಾ-ಗೋದಾವರಿಯ 98/2 ಬ್ಲಾಕ್ ನೋಡಿ. ಸರ್ಕಾರಿ ಎಣ್ಣೆ ಕಂಪನಿ ಒಎನ್‌ಜಿಸಿ 2016ರಲ್ಲಿ ಸುಮಾರು 34 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು. ಮೊದಲ ಎಣ್ಣೆ ಬಂದದ್ದು 2024ರ ಜನವರಿಯಲ್ಲಿ. ಅಷ್ಟು ದೊಡ್ಡ ಸಂಸ್ಥೆಗೇ ಅಷ್ಟು ವರ್ಷ ಬೇಕಾಯ್ತು. ಹತ್ತು ವರ್ಷ ಬಿಟ್ಟು ಬರುವ 100 ರೂಪಾಯಿಗೆ, ವರ್ಷಕ್ಕೆ 10 ಪರ್ಸೆಂಟ್ ಕಳೆದರೆ, ಇವತ್ತಿನ ಬೆಲೆ ಸುಮಾರು 39 ರೂಪಾಯಿ. ನಿಮ್ಮ 700 ಕೋಟಿ ಹೇಗೆ ಕರಗುತ್ತದೆ ನೋಡಿ.

ಗುಂಪಿನ ವಿರಾಜಪೇಟೆಯ ಸದಸ್ಯೆ: ಎಣ್ಣೆ ರೇಟ್ ಏರಿದರೆ ಎಲ್ಲಾ ಸರಿಹೋಗುತ್ತದೆ ಅಲ್ವಾ ಸಾರ್? ಸಣ್ಣ ಫೀಲ್ಡ್ ಅಂದರೆ ನಷ್ಟ ಅಂತಲೇನಾ?

ಉತ್ತರ: 2014ರ ಮಧ್ಯದಲ್ಲಿ ಬ್ಯಾರಲ್‌ಗೆ 110 ಡಾಲರ್ ಇತ್ತು, 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ. ಅವತ್ತಿನ ರೇಟ್ ನಂಬಿ ತೀರ್ಮಾನ ಮಾಡಿದವರು ಪಟ್ಟ ಪಾಡು ಕಣ್ಣಾರೆ ಕಂಡಿದ್ದೇನೆ. ರೋಬಸ್ಟಾ ದರ ಏರಿದ ವರ್ಷ ಸಾಲ ಮಾಡಿ ತೋಟ ಕೊಂಡವರು ನಮ್ಮಲ್ಲೂ ಇದ್ದಾರಲ್ಲ.

ಸಣ್ಣದಾದರೆ ನಷ್ಟ ಅಂತಲ್ಲ, ಅದನ್ನು ಒಪ್ಪುತ್ತೇನೆ. ಪಕ್ಕದಲ್ಲೇ ಬೇರೆಯವರ ಪ್ಲಾಟ್‌ಫಾರ್ಮ್, ಪೈಪ್‌ಲೈನ್ ಇದ್ದು, ಅದಕ್ಕೆ ಜೋಡಿಸಲು ಬಿಟ್ಟರೆ ಸಣ್ಣದೂ ನಿಲ್ಲುತ್ತದೆ. ಕೇಂದ್ರ ಸರ್ಕಾರ 2015ರಲ್ಲಿ ಸಣ್ಣ ನಿಕ್ಷೇಪಗಳಿಗೇ ಬೇರೆ ನೀತಿ ತಂದದ್ದು ಇಂಥವು ಸುಮ್ನೆ ಬಿದ್ದಿವೆ ಅಂತಲೇ. ಆದರೆ ಬರೀ ಕಾಗದದಲ್ಲೂ ವರ್ಷಗಳು ಹೋಗುತ್ತವೆ. ಮುಂಬೈ ಹತ್ತಿರದ ರತ್ನಾ ಮತ್ತು ಆರ್-ಸೀರೀಸ್ ಫೀಲ್ಡನ್ನು 1996ರಲ್ಲಿ ಖಾಸಗಿಯವರಿಗೆ ಕೊಡಲು ತೀರ್ಮಾನವಾಯ್ತು. ಒಪ್ಪಂದಕ್ಕೆ ಸಹಿಯೇ ಬೀಳಲಿಲ್ಲ. 2016ರಲ್ಲಿ ವಾಪಸ್ ಒಎನ್‌ಜಿಸಿಗೆ ಹೋಯ್ತು.

ಸಿದ್ದಾಪುರ: ಹಾಗಾದರೆ ಮಗನ ಹತ್ತಿರ ಏನು ಕೇಳಲಿ ಸಾರ್?

ಉತ್ತರ: ಎಷ್ಟು ಬಾವಿ ಕೊರೆದರು, ನೀರು ಎಷ್ಟು ಆಳ, ಹತ್ತಿರದ ಪೈಪ್‌ಲೈನ್ ಎಷ್ಟು ದೂರ, ಕೊನೆಗೆ ಬಾವಿ ಮುಚ್ಚುವ ಖರ್ಚು ಯಾರದ್ದು. ಎಲ್ಲಕ್ಕಿಂತ ಮೊದಲು ಬಾವಿ ಪರೀಕ್ಷೆಯ ವರದಿ ತರಿಸಿ. ಎಷ್ಟು ಗಂಟೆ ಹರಿಸಿದರು, ಒತ್ತಡ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಏರಿತು ಎಲ್ಲಾ ಅದರಲ್ಲಿರುತ್ತದೆ. ಇಲ್ಲಿ ಹಾಕಿ, ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಕಾಫಿ ದುಡ್ಡು ಬ್ಯಾಂಕಿನಲ್ಲೇ ಇರಲಿ.