ಹಳೆ ಅಂಗಡಿ ಸಾಲು ಕೊಂಡು ರಿಪೇರಿ ಮಾಡಿದರೆ ಗಿಟ್ಟುತ್ತದಾ? ವಕೀಲರಲ್ಲಿ ಕೇಳಿ (ನಮ್ಮ ಗ್ರೂಪಿನ ಪ್ರಶ್ನೋತ್ತರ)

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯಿಂದ):
ನಮಸ್ಕಾರ ವಕೀಲರೇ. ನಾನೂ ಭಾವನೂ ಸೇರಿ ಪೇಟೆಯ ಅಂಚಿನಲ್ಲಿ ಒಂದು ಹಂಚಿನ ಕಟ್ಟಡ ನೋಡಿಟ್ಟಿದ್ದೇವೆ. ಒಂಬತ್ತು ಸೆಂಟ್ಸ್ ಜಾಗ, ರಸ್ತೆಗೆ ಮುಖ ಮಾಡಿ ಐದು ಅಂಗಡಿ ಕೋಣೆ. ಎರಡರಲ್ಲಿ ಒಬ್ಬ ಟೈಲರ್, ಒಬ್ಬರು ದಿನಸಿಯವರು ಅವರ ಅಪ್ಪನ ಕಾಲದಿಂದ ಇದ್ದಾರೆ, ಬಾಡಿಗೆ ಹೇಳಿದರೆ ನಗು ಬರಬೇಕು, ಅಷ್ಟು ಕಡಿಮೆ. ಉಳಿದ ಮೂರು ಖಾಲಿ. ಹಿಂದೆ ಗುಡ್ಡೆಯ ಬದಿಗೆ ಕುಮ್ಕಿಯೂ ಉಂಟಂತೆ, ಅದಕ್ಕೂ ಸೇರಿಸಿ ರೇಟು ಹೇಳಿದ್ದಾರೆ. ಮಾರುವವರು ಅಣ್ಣ ತಮ್ಮ ಇಬ್ಬರು, ಅಮ್ಮನ ಮನೆಯ ಆಸ್ತಿ. ಬ್ರೋಕರ್ ಹೇಳುವುದು, ಆಧಾರ (ನೋಂದಣಿ ಪತ್ರ) ಆದ ಕೂಡಲೇ ಬಾಡಿಗೆಯವರನ್ನು ಎಬ್ಬಿಸಿ ಕಟ್ಟಡ ಕೆಡವಿ ಎರಡು ಮಾಳಿಗೆ ಕಟ್ಟಿದರೆ ಬೀದಿಗೇ ಕಳೆ ಬರ್ತದೆ ಅಂತ. ಎಂತ ಮಾಡುವುದು?

ಉತ್ತರ (ವಕೀಲರು):
ಬ್ರೋಕರ್ ಹೇಳಿದ್ದರಲ್ಲಿ ಬೀದಿಗೆ ಕಳೆ ಬರುವ ಮಾತು ಮಾತ್ರ ಸರಿ ಇರಬಹುದು. ಉಳಿದದ್ದನ್ನು ಬಿಡಿಸಿ ಹೇಳುತ್ತೇನೆ.

ಕುಮ್ಕಿಯಿಂದ ಶುರು ಮಾಡುವ. ಅದು ಸರ್ಕಾರದ ಜಾಗ. ನಮ್ಮ ಕಾಸರಗೋಡು 1956ರ ನವೆಂಬರ್‌ವರೆಗೆ ದಕ್ಷಿಣ ಕನ್ನಡದಲ್ಲಿ ಇತ್ತಲ್ಲ, ಅಲ್ಲಿಂದ ಬಂದ ಬಾಬ್ತು. ಹಳೆಯ ವರ್ಗ ಜಾಗದಿಂದ (ಅಂದರೆ ಖಾಸಗಿಯವರ ಹಿಡುವಳಿ) ನೂರು ಗಜದೊಳಗೆ ಸೊಪ್ಪು, ಸೌದೆ ತೆಗೆಯುವ, ದನ ಮೇಯಿಸುವ ಸವಲತ್ತು ಅಷ್ಟೇ. ಸವಲತ್ತಿಗೆ ಸೆಂಟ್ಸ್ ಲೆಕ್ಕದಲ್ಲಿ ದುಡ್ಡು ಕೊಡಬೇಡಿ.

ನನಗೆ ನಿಜವಾಗಿ ಹೆದರಿಕೆ ಇರುವುದು "ಅಮ್ಮನ ಮನೆಯ ಆಸ್ತಿ" ಎಂಬ ಮಾತಿನ ಮೇಲೆ. ಅಳಿಯಸಂತಾನದ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಕುಟುಂಬ ಹೌದಾದರೆ ಇಬ್ಬರ ಸಹಿ ಸಾಲದು. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದು ಮಾಡಿದ ಕಾಯ್ದೆ 1975ರದ್ದು, ಜಾರಿಗೆ ಬಂದದ್ದು 1976ರ ಡಿಸೆಂಬರ್ 1ಕ್ಕೆ. ಆ ದಿನ ಬದುಕಿದ್ದ ಪ್ರತಿಯೊಬ್ಬ ಸದಸ್ಯರಿಗೂ ಪಾಲು ಬಂತು, ತೊಟ್ಟಿಲಲ್ಲಿದ್ದ ಕೂಸಿಗೂ. ಅಕ್ಕತಂಗಿಯರು, ಅವರ ಮಕ್ಕಳು, ಚಿಕ್ಕಮ್ಮನ ಮಕ್ಕಳು, ಮದುವೆಯಾಗಿ ಮುಂಬಯಿಗೆ ಹೋದವರು, ಗಲ್ಫಿನಲ್ಲಿ ಇರುವವರು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಪಾಲುಪಟ್ಟಿ ನೋಂದಣಿ ಆಗಿದೆಯೋ, ಹಕ್ಕು ಬಿಟ್ಟುಕೊಟ್ಟ ಆಧಾರಗಳು ಉಂಟೋ ನೋಡಿ. ಇಲ್ಲದಿದ್ದರೆ ಅದನ್ನು ಮಾರುವವರೇ ಸರಿ ಮಾಡಿಸಿ ಕೊಡಲಿ. ಇಂಥ ಕಾಗದದ ಗಂಟು ಬಿದ್ದ ಜಾಗ ಪೇಟೆ ರೇಟಿಗಿಂತ ಕಡಿಮೆಗೆ ಬರುವುದು ಅದಕ್ಕೇ. ಗಂಟು ಬಿಚ್ಚಿದವರಿಗೆ ಲಾಭ, ಬಣ್ಣ ಬಳಿದವರಿಗಲ್ಲ.

ಇನ್ನು ಬಾಡಿಗೆಯವರು. 1965ರ ಕೇರಳ ಬಾಡಿಗೆ ನಿಯಂತ್ರಣ ಕಾಯ್ದೆ ನಿಮ್ಮ ಪಂಚಾಯತಿಗೆ ಅನ್ವಯವೋ ಎಂದು ಮೊದಲು ವಿಚಾರಿಸಿ. ಅನ್ವಯ ಆದರೆ, ಕ್ರಯಕ್ಕೆ ಕೊಂಡವರು ಸ್ವಂತ ಉಪಯೋಗಕ್ಕೆ ಬೇಕೆಂದು ಅರ್ಜಿ ಹಾಕಲಿಕ್ಕೇ ಆಧಾರದ ತಾರೀಕಿನಿಂದ ಒಂದು ವರ್ಷ ಕಾಯಬೇಕು. ಕೆಡವಿ ಕಟ್ಟುತ್ತೇನೆ ಎಂದರೆ ಕಟ್ಟಡದ ಸ್ಥಿತಿ, ಮಂಜೂರಾದ ನಕ್ಷೆ, ಕಟ್ಟುವ ತಾಕತ್ತು ಎಲ್ಲ ಕೋರ್ಟಿಗೆ ತೋರಿಸಬೇಕು. ಮತ್ತೆ ಹೊಸ ಕಟ್ಟಡದಲ್ಲಿ ಕೋಣೆ ಪಡೆಯುವ ಮೊದಲ ಹಕ್ಕು ಎದ್ದು ಹೋದ ಆ ಟೈಲರಿಗೇ, ನ್ಯಾಯವಾದ ಬಾಡಿಗೆಗೆ. 1940ರ ಏಪ್ರಿಲ್ 1ರಿಂದ ಬಿಡದೆ ಇರುವ ಬಾಡಿಗೆದಾರರಿಗೆ ಇನ್ನೂ ಗಟ್ಟಿ ರಕ್ಷಣೆ ಉಂಟು, ನಿಮ್ಮವರು ಅಷ್ಟು ಹಳಬರಿರಲಿಕ್ಕಿಲ್ಲ.

ಪ್ರಶ್ನೆ (ಅದೇ ಸದಸ್ಯರು):
ಹಾಗಾದರೆ ಕೆಡವುವುದು ಬೇಡವೇ? ರಿಪೇರಿಯಲ್ಲಿ ಬಾಡಿಗೆ ಏರುತ್ತದಾ?

ಉತ್ತರ:
ಏರುತ್ತದೆ, ಮತ್ತು ಜಾಗ ಉಳಿಯುತ್ತದೆ. ಹೆದ್ದಾರಿ, ಜಿಲ್ಲಾ ರಸ್ತೆಗಳ ಬದಿಯಲ್ಲಿ ಹೊಸತು ಕಟ್ಟುವಾಗ ಗಡಿಯಿಂದ 3 ಮೀಟರ್ ಬಿಡಬೇಕು. ನಿಮ್ಮ ಹಳೆ ಸಾಲು ರಸ್ತೆಗೆ ಅಂಟಿಕೊಂಡಿದ್ದರೆ ಕೆಡವಿದ ದಿನ ಅಂಗಡಿಯ ಮುಖವೇ ಹೋಯಿತು. ಪಾರ್ಕಿಂಗ್‌ಗೂ ಬಿಟ್ಟರೆ ಒಂಬತ್ತು ಸೆಂಟ್ಸಿನಲ್ಲಿ ಉಳಿಯುವುದೆಷ್ಟು?

ಖಾಲಿ ಇರುವ ಮೂರು ಕೋಣೆಗಳಿಂದ ಶುರು ಮಾಡಿ. ಮಾಡಿನ ಮರದ ಪಕ್ಕಾಸು, ರೀಪು ಬದಲಿಸಿ, ಹಂಚು ತೊಳೆದು ಹೊದೆಸಿ, ಚರಂಡಿ ಸರಿ ಮಾಡಿ, ಒಂದು ಶೌಚಾಲಯ, ಎದುರಿಗೆ ಒಳ್ಳೆ ಬೆಳಕು. ಟೈಲರ್‌ನವರನ್ನೂ ದಿನಸಿಯವರನ್ನೂ ಉಳಿಸಿಕೊಂಡು ಲಿಖಿತ ಕರಾರು ಮಾಡಿ, ಬಾಡಿಗೆಯನ್ನು ಮೆಲ್ಲ ಏರಿಸಿ. ಆ ಬೀದಿಗೆ ಜನ ಬರುವುದು ಅವರಿಂದ, ನಿಮ್ಮ ಹೊಸ ಕೋಣೆಗೆ ಗಿರಾಕಿ ಸಿಗುವುದೂ ಅವರಿಂದಲೇ.

ರೇಟು ಮಾತಾಡುವ ಮೊದಲು ಇನ್ನೊಂದು: ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66 ಆರು ಪಥವಾದ ಮೇಲೆ ಕೆಲವು ಪೇಟೆಗಳಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬೇಕಾದರೆ ಸುತ್ತು ಬರಬೇಕು. ಅಂಡರ್‌ಪಾಸ್ ಎಲ್ಲಿ, ಸರ್ವಿಸ್ ರಸ್ತೆಯಲ್ಲಿ ವಾಹನ ಯಾವ ಕಡೆಯಿಂದ ಬರುತ್ತದೆ, ಸಂಜೆ ಹೊತ್ತು ನಿಂತು ನೋಡಿ.

ಪ್ರತಿಕ್ರಿಯೆ (ಸಿವಿಲ್ ಇಂಜಿನಿಯರ್, ಬದಿಯಡ್ಕ):
ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. ಗೋಡೆ ಮುರಕಲ್ಲಿನದ್ದು (ಜಂಬಿಟ್ಟಿಗೆ), ಮಣ್ಣಿನ ಗಾರೆಯದ್ದು ಆಗಿದ್ದರೆ ಮೇಲೆ ಸ್ಲಾಬ್ ಹಾಕುವ ಆಸೆ ಬಿಡಿ, ಅದು ಹಂಚಿನ ಭಾರಕ್ಕೆ ಕಟ್ಟಿದ ಗೋಡೆ. ಸಿಮೆಂಟ್ ಗಿಲಾವೂ ಬೇಡ. ನಮ್ಮ ಮಳೆಗೆ ಕಲ್ಲು ಕುಡಿದ ನೀರು ಹೊರಗೆ ಬರಲಿಕ್ಕೆ ದಾರಿಯಿಲ್ಲದೆ ಎರಡು ಮಳೆಗಾಲದಲ್ಲಿ ಗಿಲಾವು ಹೊಟ್ಟೆ ಬಿಟ್ಟು ನಿಲ್ಲುತ್ತದೆ. ಸುಣ್ಣದ ಗಾರೆ ಮಾಡುವವರು ಈಗಲೂ ಸಿಗುತ್ತಾರೆ. ಮರದಲ್ಲಿ ಗೆದ್ದಲು ಎಲ್ಲಿಯವರೆಗೆ ಹತ್ತಿದೆ ಎಂದು ಕುಟ್ಟಿ ನೋಡದೆ ಅಂದಾಜು ಪಟ್ಟಿ ಮಾಡಿಸಬೇಡಿ.

ಪ್ರಶ್ನೆ (ಉಪ್ಪಳದಿಂದ ಇನ್ನೊಬ್ಬರು):
ಸರ್, ಹೀಗೆ ಕೊಂಡು ರಿಪೇರಿ ಮಾಡಿ ಆರು ತಿಂಗಳಲ್ಲಿ ಮಾರಿದರೆ?

ಉತ್ತರ:
ಕೇರಳದಲ್ಲಿ ಕ್ರಯಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿ 2. ಕೊಳ್ಳುವಾಗ ನೀವು ಹತ್ತು ಕೊಡುತ್ತೀರಿ, ಮಾರುವಾಗ ಬಂದವರು ತಮ್ಮ ಹತ್ತನ್ನು ಮನಸ್ಸಿನಲ್ಲಿಟ್ಟೇ ಚೌಕಾಸಿ ಮಾಡುತ್ತಾರೆ. ಬ್ರೋಕರ್ ಕಮಿಷನ್, ಬ್ಯಾಂಕ್ ಬಡ್ಡಿ ಬೇರೆ. ಆರು ತಿಂಗಳಲ್ಲಿ ಅದಷ್ಟನ್ನು ದಾಟುವ ಪೇಟೆ ನಮ್ಮದಲ್ಲ. ಬಾಡಿಗೆಗೆ ಇಟ್ಟುಕೊಳ್ಳುವ ತಾಳ್ಮೆ ಇದ್ದರೆ ಕೈ ಹಾಕಿ.

ಪ್ರಶ್ನೆ (ಮೊದಲ ಸದಸ್ಯರು):
ಮಾರುವವರ ಅಕ್ಕ ಒಬ್ಬರು ದುಬೈಯಲ್ಲಿ ಇದ್ದಾರೆ ಅಂತ ಈಗ ಗೊತ್ತಾಯಿತು. ಮುಂಗಡ ಕೊಡಬಹುದಾ?

ಉತ್ತರ:
ನಾನು ಹೇಳಿದ್ದು ಇದನ್ನೇ! ಅವರು ಬರಲಾಗದಿದ್ದರೆ ಭಾರತದ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಮುಕ್ತಿಯಾರು ಪತ್ರ (ಪವರ್ ಆಫ್ ಅಟಾರ್ನಿ) ಬೇಕು, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿಸಬೇಕು. ಅವರ ಪಾಲಿನ ಹಣಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿಯುವ ಜವಾಬ್ದಾರಿ ನಿಮ್ಮದು, ಊರಿನಲ್ಲಿರುವವರ ದರ ಅವರಿಗೆ ನಡೆಯುವುದಿಲ್ಲ, ಆಡಿಟರಲ್ಲಿ ಕೇಳಿ. ಮುಂಗಡ ಕೊಡುವುದಾದರೆ ಬ್ಯಾಂಕಿನ ಮೂಲಕ, ಪಾಲುದಾರರೆಲ್ಲ ಸಹಿ ಹಾಕಿದ ಕರಾರಿನ ಮೇಲೆ ಮಾತ್ರ. ಹಳೆ ಆಧಾರ, ತೀರ್ವೆ (ಭೂಕಂದಾಯ) ರಶೀದಿ, 30 ವರ್ಷದ ಋಣಭಾರ ಪತ್ರ ಹಿಡಿದುಕೊಂಡು ಆಫೀಸಿಗೆ ಬನ್ನಿ, ಅವನ್ನೆಲ್ಲ ಗ್ರೂಪಿನಲ್ಲಿ ಹಾಕಬೇಡಿ.