ಕಥೆಯ ಗುಟ್ಟನ್ನು ಓದುಗರಿಗೆ ಮೊದಲೇ ಹೇಳಿಬಿಡಲಾ?

ತಿಪಟೂರಿನವಳು:
ಒಂದು ಕಥೆ ಬರೆಯುತ್ತಿದ್ದೇನೆ. ಅಪ್ಪ ತೆಂಗಿನ ಸಸಿ ನೆಡಲು ಗುಂಡಿ ತೆಗೆಸುತ್ತಿದ್ದಾನೆ. ಖಾತೆ ಮಗನ ಹೆಸರಲ್ಲಿದೆ. ಆ ಜಮೀನು ಮಾರಲು ಮಗ ಆಗಲೇ ಅಡ್ವಾನ್ಸ್ ತೆಗೆದುಕೊಂಡಿದ್ದಾನೆ, ಅಪ್ಪನಿಗೆ ಗೊತ್ತಿಲ್ಲ. ಇದನ್ನು ಶುರುವಿನಲ್ಲೇ ಹೇಳಿದರೆ ಕುತೂಹಲ ಹೋಗುವುದಿಲ್ವಾ? ನಾಟಕೀಯ ವ್ಯಂಗ್ಯ, ಸನ್ನಿವೇಶದ ವ್ಯಂಗ್ಯ, ಮಾತಿನ ವ್ಯಂಗ್ಯ ಅಂತ ಓದಿದ್ದೇನೆ. ಬರೆಯಲು ಕೂತಾಗ ಯಾವುದು ಎಲ್ಲಿಗೆ ಅಂತ ತಿಳಿಯುತ್ತಿಲ್ಲ.

ಪುತ್ತೂರಿನ ಕೇಳುಗ:
ಮೊದಲೇ ಹೇಳಿ. ತಾಳಮದ್ದಳೆಗೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಕೂತವರಿಗೆಲ್ಲ ಕಥೆ ಗೊತ್ತಿರುತ್ತದೆ. ಆದರೂ ಉತ್ತರ ಗೋಗ್ರಹಣ ನಡೆಯುವಾಗ ಯಾರೂ ಎದ್ದು ಹೋಗುವುದಿಲ್ಲ. ಪಾಂಡವರು ವೇಷ ಮರೆಸಿಕೊಂಡು ವಿರಾಟರಾಜನ ಮನೆಯಲ್ಲಿದ್ದಾಗ ಕೌರವರು ಅವನ ಹಸುಗಳನ್ನು ಹಿಡಿಯಲು ಬರುವ ಪ್ರಸಂಗ ಅದು. ಒಳ್ಳೆಯ ಸಾರಥಿ ಸಿಕ್ಕರೆ ಕೌರವರನ್ನು ಓಡಿಸುತ್ತೇನೆ ಅಂತ ವಿರಾಟನ ಮಗ ಉತ್ತರಕುಮಾರ ಹೆಂಗಸರ ಮುಂದೆ ಕೊಚ್ಚಿಕೊಳ್ಳುತ್ತಾನೆ. ಅದೇ ಮನೆಯಲ್ಲಿರುವ ಬೃಹನ್ನಳೆಯೇ ಅರ್ಜುನ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನಾಟಕೀಯ ವ್ಯಂಗ್ಯ ಇದೇ.

ವ್ಯಾಸಭಾರತದಲ್ಲಿ ಇನ್ನೊಂದು ಚಂದದ ವಿವರ ಇದೆ. ಬೃಹನ್ನಳೆ ಉತ್ತರಕುಮಾರನ ಸಾರಥಿಯಾಗಿ ಹೊರಡುವಾಗ ಅವನ ತಂಗಿ ಉತ್ತರೆ, ಭೀಷ್ಮ ದ್ರೋಣರಂಥ ಕೌರವರನ್ನು ಗೆದ್ದು ಬೊಂಬೆಗಳಿಗೆ ಬಟ್ಟೆ ತಂದುಕೊಡು ಅನ್ನುತ್ತಾಳೆ. ನಿಮ್ಮಣ್ಣ ಗೆದ್ದರೆ ಖಂಡಿತ ತರುತ್ತೇನೆ ಅಂತ ಬೃಹನ್ನಳೆ ನಗುತ್ತಾಳೆ. ಇದು ಮಾತಿನ ವ್ಯಂಗ್ಯ, ಆಡುವುದು ಒಂದು, ಒಳಗಿನ ಅರ್ಥ ಇನ್ನೊಂದು. ಅದರಲ್ಲಿ ಚುಚ್ಚುವಿಕೆ ಇರಲೇಬೇಕು ಅಂತೇನಿಲ್ಲ. ಇಲ್ಲಿ ಪ್ರೀತಿಯೇ ಜಾಸ್ತಿ.

ನನ್ನ ಕರುಳು ಹಿಂಡುವುದು ಆಮೇಲಿನ ಭಾಗ. ಗೆದ್ದದ್ದು ಅರ್ಜುನ. ಆದರೆ ಮಗನೇ ಗೆದ್ದ ಅನ್ನುವ ಸಂಭ್ರಮದಲ್ಲಿ ವಿರಾಟ ಕಂಕನ ಜೊತೆ ಪಗಡೆಗೆ ಕೂರುತ್ತಾನೆ. ಕಂಕ ಅಂದರೆ ಧರ್ಮರಾಯ. ಬೃಹನ್ನಳೆ ಸಾರಥಿಯಾದ ಮೇಲೆ ಗೆಲ್ಲದೆ ಇರುತ್ತಾನಾ ಅನ್ನುತ್ತಾನೆ. ಹೇಳಿದ್ದು ಶುದ್ಧ ನಿಜ. ವಿರಾಟನಿಗೆ ಅದು ಅವಮಾನವಾಗಿ ಕೇಳಿತು. ದಾಳ ಎತ್ತಿ ಮುಖಕ್ಕೆ ಹೊಡೆದ. ಮೂಗಿನಿಂದ ರಕ್ತ ಬಂತು. ಅದು ನೆಲಕ್ಕೆ ಬೀಳದಂತೆ ಸೈರಂಧ್ರಿ, ಅಂದರೆ ದ್ರೌಪದಿ, ಚಿನ್ನದ ಪಾತ್ರೆ ಹಿಡಿದಳು. ರಾಜ್ಯ ಉಳಿಸಿಕೊಟ್ಟವರ ಮೇಲೆಯೇ ಕೈ ಮಾಡಿದನಲ್ಲ! ಆಗಬೇಕಾದದ್ದಕ್ಕೆ ತದ್ವಿರುದ್ಧವಾದದ್ದೇ ಆಗುವ ಸನ್ನಿವೇಶದ ವ್ಯಂಗ್ಯ ಇದು. ಕಂಕ ಯಾರೆಂದು ನಮಗೆ ಮೊದಲೇ ಗೊತ್ತಿರದಿದ್ದರೆ ಆ ಏಟು ನಮಗೆ ತಾಗುತ್ತಲೇ ಇರಲಿಲ್ಲ.

ಓದುವ ಹುಚ್ಚಿನವ:
ಒಪ್ಪಿದೆ. ಆದರೆ ಅರ್ಧ ಮುಚ್ಚಿಡುವ ದಾರಿಯೂ ಇದೆ. ಅಮೆರಿಕದ ಕಥೆಗಾರ ಓ. ಹೆನ್ರಿಯ 1905ರ ಕ್ರಿಸ್‌ಮಸ್ ಕಥೆಯಲ್ಲಿ ಹೆಂಡತಿ ತನ್ನ ಕೂದಲು ಮಾರಿ ಗಂಡನ ವಾಚಿಗೆ ಚೈನು ಕೊಳ್ಳುತ್ತಾಳೆ. ಇದು ನಮಗೆ ಮೊದಲೇ ಗೊತ್ತು. ಗಂಡ ಆ ವಾಚನ್ನೇ ಮಾರಿ ಅವಳ ಕೂದಲಿಗೆ ಬಾಚಣಿಗೆ ತಂದದ್ದು ಕೊನೆಗೆ ತಿಳಿಯುತ್ತದೆ. ನಿಮ್ಮ ಅಪ್ಪನೂ ಏನಾದರೂ ಬಚ್ಚಿಟ್ಟಿದ್ದಾನಾ, ಯೋಚನೆ ಮಾಡಿ.

ತಿಪಟೂರಿನವಳು:
ಇಲ್ಲ ಸರ್, ಅಪ್ಪನಿಗೆ ಏನೂ ಗೊತ್ತಿರಬಾರದು. ಅವನ ನಂಬಿಕೆಯೇ ನನ್ನ ಕಥೆ. ಹಾಗಾದರೆ ಅಡ್ವಾನ್ಸ್ ವಿಷಯ ಮೊದಲ ಪುಟಕ್ಕೇ ತರುತ್ತೇನೆ. ಮಗನ ಕಣ್ಣಿಂದ ಹೇಳಲಾ, ಅಪ್ಪನ ಕಣ್ಣಿಂದಲಾ?

ಪುತ್ತೂರಿನ ಕೇಳುಗ:
ಮೊದಲ ಪುಟದಲ್ಲಿ ಮಗನ ಒಂದು ಫೋನ್ ಮಾತು ಸಾಕು. ಆಮೇಲೆ ಅಪ್ಪನನ್ನು ಬಿಟ್ಟು ಕದಲಬೇಡಿ. ಸಸಿ ತಂದವನ ಹತ್ತಿರ ಅವನು ಮಗನನ್ನು ಹೊಗಳಲಿ. ನೀವು ನಡುವೆ ಏನೂ ಸೇರಿಸಬೇಡಿ.