ಬೆಣ್ಣೆ ಚಾವಡಿಯ ಖಾಲಿ ಚೊಂಬು

ಹುಣಸೂರಿನಲ್ಲಿ ನಾವು ಸಂಜೆ ಕೂರುವ ಟೀ ಅಂಗಡಿಯ ಬೆಂಚಿಗೆ ಮೂರೇ ಕಾಲು. ನಾಲ್ಕನೆಯದರ ಕೆಲಸವನ್ನು ಎರಡು ಇಟ್ಟಿಗೆಗಳು ನೋಡಿಕೊಳ್ಳುತ್ತವೆ. ಇಟ್ಟಿಗೆಯ ಕಡೆ ಯಾರು ಕೂರಬೇಕೆಂಬ ತಕರಾರು ಮುಗಿಯುವ ಹೊತ್ತಿಗೆ ಮೊದಲ ಟೀ ಮುಗಿದಿರುತ್ತದೆ. ಮೊನ್ನೆ ಆ ತಕರಾರು ಬರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಮ್ಯಾನೇಜರು ಕುಂಟುತ್ತಾ ಬಂದವರು ನಿಂತೇ ಇದ್ದರು.

"ಕೂರುವ ಸ್ಥಿತಿಯಲ್ಲಿಲ್ಲ," ಎಂದರು. "ಹಸು ಒದ್ದಿದೆ."

ಮೂರು ವಾರದ ಹಿಂದೆ ಅವರು ಮೊಬೈಲಿನಲ್ಲಿ ಚಿತ್ರ ನೋಡಿ ಅಮೃತಮಹಲ್ ಹಸುವೊಂದನ್ನು ತರಿಸಿಕೊಂಡಿದ್ದರು. ಮಾರಿದವನು ನಾನಲ್ಲ ಎಂದು ನಮ್ಮ ಬೆಂಚಿನ ದನದ ದಲ್ಲಾಳಿ ಯಾರೂ ಕೇಳದೆಯೇ ಮೂರು ಸಲ ಹೇಳಿದ.

"ಹೆಸರಿನಲ್ಲೇ ಅಮೃತ ಇದೆಯಲ್ಲ, ಹಾಲಿನ ಹೊಳೆ ಹರಿಯುತ್ತದೆ ಎಂದುಕೊಂಡೆ," ಎಂದರು ಮ್ಯಾನೇಜರು. "ಬೆಳಿಗ್ಗೆ ಕರೆದರೆ ಚೊಂಬಿನ ತಳ ಒದ್ದೆಯಾಗುತ್ತದೆ. ಬಾಕಿಯನ್ನು ಕಾಲಿನಲ್ಲಿ ಕೊಡುತ್ತದೆ."

ಪಶುವೈದ್ಯರಾಗಿದ್ದ ಡಾಕ್ಟರು ನಗು ತಡೆಯಲಾರದೆ ಟೀ ಲೋಟ ಕೆಳಗಿಟ್ಟರು. "ಸ್ವಾಮಿ, ಅದು ದಂಡಿನ ತಳಿ. ಫಿರಂಗಿ ಎಳೆಯಲೆಂದು ಬೆಳೆಸಿದ ಮನೆತನ. ಸುಬೇದಾರನನ್ನು ಕರೆತಂದು ಪಾಯಸ ಬಡಿಸು ಎಂದರೆ ಅವನು ಏನು ಮಾಡುತ್ತಾನೆ?"

"ಹಾಗಾದರೆ ಅಮೃತ ಎಂದು ಯಾಕೆ ಕರೆದರು?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಮೇಷ್ಟ್ರು ಕನ್ನಡಕ ಒರೆಸಿಕೊಂಡರೆ ಎರಡನೆಯ ಟೀ ಹೇಳಲೇಬೇಕು. "ಮೊದಲು ಅದರ ಹೆಸರು ಬೆಣ್ಣೆ ಚಾವಡಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಇಲಾಖೆ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ಹುಕುಂನಾಮೆ ಹೊರಡಿಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ, ಈ ಮೂರು ಬಗೆಯ ದನಗಳಿಂದ ಬಂದ ತಳಿ. ಇವುಗಳ ಎತ್ತು ಕಟ್ಟಿಕೊಂಡೇ ಹೈದರ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರ ಮುಟ್ಟಿದ ಎಂದು ಗೆಜೆಟಿಯರ್‌ನಲ್ಲಿ ಬರೆದಿದ್ದಾರೆ."

"ನನ್ನ ಸ್ಕೂಟರಿಗೆ ಆಗದ ಕೆಲಸ," ಎಂದೆ. ಅದು ಸರ್ವೀಸಿಗೆ ಹೋಗಿ ಹನ್ನೊಂದು ದಿನವಾಗಿತ್ತು.

"1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಎತ್ತುಗಳೂ ಬ್ರಿಟಿಷರ ಪಾಲಾದವು. ಆರ್ಥರ್ ವೆಲ್ಲೆಸ್ಲಿ 1803ರಲ್ಲಿ ಮರಾಠರ ಮೇಲೆ ಹೋದಾಗ ತೋಪು ಎಳೆದದ್ದು ಮೈಸೂರಿನ ಎತ್ತುಗಳೇ. ಆಮೇಲೆ ಅವುಗಳ ಉಸ್ತುವಾರಿ ಸೈನ್ಯಕ್ಕೆ ಸಾಮಾನು ಸರಂಜಾಮು ಒದಗಿಸುವ ಕಮಿಸರಿಯಟ್ಟಿಗೆ ಹೋಯಿತು. ಅದರ ಠಾಣ್ಯ ಯಾವ ಊರಿನಲ್ಲಿತ್ತು ಹೇಳಿ?"

ಯಾರೂ ಹೇಳಲಿಲ್ಲ.

"ಇದೇ ಊರು!" ಎಂದು ಮೇಷ್ಟ್ರು ಬೆಂಚು ಗುದ್ದಿದರು. ಇಟ್ಟಿಗೆ ಸರಿದು ದಲ್ಲಾಳಿ ಅರ್ಧ ನೆಲಕ್ಕೆ ಬಂದ.

ಹೊಗೆಸೊಪ್ಪಿನ ವಾಸನೆಯ ಈ ಊರಿಗೆ ದನದ ಇತಿಹಾಸವಿದೆಯೆಂದರೆ ನನಗೆ ಹೆಮ್ಮೆಗಿಂತ ಆಶ್ಚರ್ಯವೇ ಹೆಚ್ಚಾಯಿತು. ಸರ್ಕಾರ ಇಲ್ಲಿ ಎತ್ತುಗಳ ಜೊತೆಗೆ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ, ಮರದ ಅಡ್ಡೆ ನಡೆಸುತ್ತಿತ್ತಂತೆ. ಸಿಪಾಯಿಗೆ ಬೂಟು, ಬೆನ್ನುಚೀಲ, ಹೊದೆಯಲು ಕಂಬಳಿ, ಸಾಮಾನು ಹೇರಲು ಗಾಡಿ. ಕುರಿ, ಕಾಡು, ದನ ಮೂರೂ ಹತ್ತಿರದಲ್ಲೇ ಇದ್ದವಲ್ಲ.

"ಲಾಳ ಕಟ್ಟುವವನನ್ನು ಬಿಟ್ಟಿರಿ," ಎಂದ ದಲ್ಲಾಳಿ, ಇಟ್ಟಿಗೆ ಜೋಡಿಸುತ್ತಾ. ಅವನ ಅಜ್ಜ ಅದೇ ಕಸುಬಿನವನು. "ಕುದುರೆಗೆ ಕಾಲಿಗೊಂದರಂತೆ ನಾಲ್ಕು ಲಾಳ. ಎತ್ತಿನ ಗೊರಸು ಸೀಳು, ಕಾಲಿಗೆ ಎರಡು, ಒಟ್ಟು ಎಂಟು. ಹಗ್ಗ ಸುತ್ತಿ ಎತ್ತನ್ನು ಮೆಲ್ಲಗೆ ಕೆಡವಬೇಕು, ನಾಲ್ಕೂ ಕಾಲು ಸೇರಿಸಿ ಬಿಗಿಯಬೇಕು, ಗೊರಸು ಕೆತ್ತಿ ಮಟ್ಟಮಾಡಬೇಕು. ನನ್ನಜ್ಜ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಒಂದೊಂದಾಗಿ ತೆಗೆಯುತ್ತಿದ್ದ. ಮೊಳೆ ಕೂದಲೆಳೆಯಷ್ಟು ಒಳಗೆ ಹೋದರೂ ಎತ್ತು ಕುಂಟುತ್ತದೆ. ಬಾಯಲ್ಲಿ ಮೊಳೆ ಇದ್ದುದರಿಂದ ಹಗಲೆಲ್ಲ ಮಾತಾಡುತ್ತಿರಲಿಲ್ಲ. ನಮ್ಮಜ್ಜಿ ಅದನ್ನೇ ಅವರ ಸಂಸಾರದ ಗುಟ್ಟು ಎನ್ನುತ್ತಿದ್ದಳು."

ಮೇಷ್ಟ್ರಿಗೆ ಮಾತು ಕೈತಪ್ಪುವುದು ಹಿಡಿಸುವುದಿಲ್ಲ. "1860ರಲ್ಲಿ ಏನಾಯಿತು ಕೇಳಿ. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಲೆಕ್ಕದ ಪುಸ್ತಕ ತೆಗೆದ. ಇಷ್ಟೊಂದು ದನ, ಅವು ಮೇಯಲು ಇಷ್ಟೊಂದು ಹುಲ್ಲುಗಾವಲು, ಎಲ್ಲ ದಂಡ ಎನ್ನಿಸಿತು. ಇಲಾಖೆ ಮುಚ್ಚಿ ದನಗಳನ್ನು ಮಾರಿಸಿದ."

"ಸರಿಯಾಗಿಯೇ ಮಾಡಿದ," ಎಂದರು ಮ್ಯಾನೇಜರು. ಮೂವತ್ತೈದು ವರ್ಷ ಸಾಲದ ಅರ್ಜಿ ತಿರಸ್ಕರಿಸಿದ ದನಿ ಅದು.

"ಆರೇಳು ವರ್ಷ ಕಳೆಯುವುದರೊಳಗೆ ಸೈನ್ಯಕ್ಕೆ ತಕ್ಕ ಎತ್ತಿಗಾಗಿ ಪರದಾಡಿ ಇಲಾಖೆಯನ್ನು ಮತ್ತೆ ತೆರೆದರು. ಟ್ರೆವೆಲಿಯನ್ ಅಷ್ಟು ದಿನ ಉಳಿದಿರಲಿಲ್ಲ. ಹೊಸ ಆದಾಯ ತೆರಿಗೆಯನ್ನು ಬಹಿರಂಗವಾಗಿ ಟೀಕಿಸಿದನೆಂದು 1860ರಲ್ಲೇ ಅವನನ್ನು ವಾಪಸು ಕರೆಸಿಕೊಂಡಿದ್ದರು."

"ಬಾಯಿ ಜೋರಾದ ಎತ್ತು," ಎಂದ ದಲ್ಲಾಳಿ. "ಹಲ್ಲು ನೋಡುವ ಮೊದಲೇ ಸಂತೆಯಿಂದ ವಾಪಸು."

"ಕಾರ್ಖಾನೆಗಳ ಕಥೆ ಏನಾಯಿತು?" ಎಂದೆ.

"1864ರಲ್ಲಿ ಸರ್ಕಾರ ಅವನ್ನೂ ಎತ್ತಿಬಿಟ್ಟಿತು. ಆದರೆ ಕೈಗೆ ಹತ್ತಿದ ಕೆಲಸ ಊರು ಬಿಟ್ಟು ಹೋಗುತ್ತದೆಯೇ? ಕಸುಬುದಾರರು ಸ್ವಂತಕ್ಕೆ ಬೂಟು ಹೊಲಿದರು, ಗಾಡಿ ಮಾಡಿದರು, ಕಂಬಳಿ ನೇಯ್ದರು. ಅಮೃತಮಹಲ್ ಮುಂದೆ ಮೈಸೂರು ಸರ್ಕಾರಕ್ಕೆ ಬಂತು. ಈಗ ಅದರ ತಳಿ ಕೇಂದ್ರ ಅಜ್ಜಂಪುರದಲ್ಲಿದೆ."

ಮ್ಯಾನೇಜರು ಇದಾವುದನ್ನೂ ಕೇಳಿಸಿಕೊಂಡಿರಲಿಲ್ಲ. ಜೇಬಿನಿಂದ ಚೀಟಿ ತೆಗೆದು ಓದತೊಡಗಿದ್ದರು: ಕೊಟ್ಟಿಗೆಗೆ ಬಡಗಿಯ ಕೂಲಿ. ಕಮ್ಮಾರನ ಹತ್ತಿರ ಗೂಟ, ಸರಪಳಿ. ಹಗ್ಗ, ಮೂಗುದಾರ. ಕೊರಳಿನ ಗಂಟೆ, ಅದಕ್ಕೆ ಚರ್ಮದ ಪಟ್ಟಿ. ಹುಲ್ಲಿನವನು. ಮಂಡಿಗೆ ಎಣ್ಣೆ ಮಾಲೀಸು.

"ಮಾಲೀಸು ಹಸುವಿಗೋ?" ಎಂದೆ.

"ನನಗೆ."

ಡಾಕ್ಟರು ಬೆರಳು ಮಡಚಿ ಎಣಿಸಿದರು. "ಆರು ಮನೆಯ ಒಲೆ ಉರಿಸಿದೆ ನಿಮ್ಮ ಹಸು, ಅದೂ ಚೊಂಬಿನ ತಳ ಮುಳುಗದಷ್ಟು ಹಾಲಿನಲ್ಲಿ! ನೀವು ಮಾತ್ರ ಚೊಂಬನ್ನೇ ನೋಡುತ್ತಿದ್ದೀರಿ, ಟ್ರೆವೆಲಿಯನ್ ಸಾಹೇಬರೇ."

ಮ್ಯಾನೇಜರಿಗೆ ರೇಗಿತು. "ಮಾರಿಬಿಡುತ್ತೇನೆ, ಇವತ್ತೇ," ಎಂದರು.

ಅಷ್ಟು ಸಾಕಾಯಿತು. ದಲ್ಲಾಳಿ ಹೆಗಲ ಮೇಲಿನ ಟವೆಲನ್ನು ಕೊಡವಿ ಮ್ಯಾನೇಜರ ಬಲಗೈ ಮೇಲೆ ಹರಡಿ, ಅದರಡಿ ತನ್ನ ಕೈ ತೂರಿಸಿದ. ಹಿಡಿದ ಬೆರಳಿಗೆ ಒಂದೊಂದು ಸಾವಿರ. ಹೊರಗಿನವರಿಗೆ ಕಾಣುವುದು ಟವೆಲಿನ ಅಲುಗಾಟ ಮಾತ್ರ. ದಲ್ಲಾಳಿಯ ಮುಖ ದೇವಸ್ಥಾನದಲ್ಲಿ ನಿಂತಂತೆ ಶಾಂತವಾಗಿತ್ತು. ಮ್ಯಾನೇಜರ ಹುಬ್ಬು ಏರಿತು, ಇಳಿಯಿತು. ನಾವು ಉಸಿರು ಬಿಗಿಹಿಡಿದು ನೋಡಿದೆವು.

ಮ್ಯಾನೇಜರು ಕೈಯನ್ನು ಸರಕ್ಕನೆ ಎಳೆದುಕೊಂಡರು.

"ಗಂಟೆಗೂ ಪಟ್ಟಿಗೂ ಆಗುವುದಿಲ್ಲ ಇದು!" ಎಂದರು. "ಕೊಡುವುದಿಲ್ಲ ಹೋಗಯ್ಯಾ. ನಾಳೆ ಬಡಗಿ ಬರುತ್ತಾನೆ, ಗೋದಲಿ ಬಾಕಿ ಇದೆ."

ಟೀ ಅಂಗಡಿಯವನು ಬಂದು ಲೋಟಗಳನ್ನು ಎಣಿಸಿದ. ಒಬ್ಬರೂ ಜೇಬಿಗೆ ಕೈ ಹಾಕಲಿಲ್ಲ. ಅವನು ಏನನ್ನೂ ಹೇಳದೆ ದಲ್ಲಾಳಿಯ ಟವೆಲನ್ನು ಎತ್ತಿಕೊಂಡು ಮ್ಯಾನೇಜರ ಕೈ ಮೇಲೆ ಹೊದಿಸಿದ.